ಮನೆಯೂಟಕ್ಕೆ ವೈನ್ ಹೊಂದಿಸಿದ್ದು: ಒಂದು ಮಳೆಗಾಲದ ಕೆಲಸದ ದಾಖಲೆ

ಕಳೆದ ಹುತ್ತರಿಗೆ, ಅಂದರೆ ಕೊಡಗಿನ ನಮ್ಮ ಸುಗ್ಗಿ ಹಬ್ಬಕ್ಕೆ, ನನ್ನ ಮೈದುನ ಬೆಂಗಳೂರಿನಿಂದ ಬರುವಾಗ ಕ್ಯಾಬರ್ನೆ ಸೋವಿನ್ಯೋ ಎಂಬ ಕೆಂಪು ವೈನಿನ ಬಾಟಲಿಯೊಂದನ್ನು ತಂದಿದ್ದ. ಬೆಲೆ 1,450 ರೂಪಾಯಿ. ಅದನ್ನು ಪಂದಿಕರಿ (ಹಂದಿಮಾಂಸದ ಕರಿ) ಮತ್ತು ಅಕ್ಕಿಯ ಉಂಡೆಯಾದ ಕಡಂಬುಟ್ಟಿನ ಜೊತೆಗೆ ಬಡಿಸಿದೆವು. ಮೊದಲ ಗುಟುಕಿಗೇ ನಾಲಿಗೆ ಒಣಗಿತು, ಕರಿಯ ಖಾರ ಇಮ್ಮಡಿಯಾಗಿ ಉರಿಯಿತು, ವೈನ್ ಬಾಯಲ್ಲಿ ಬರಿಯ ಕಹಿಯಾಗಿ ಉಳಿಯಿತು. ಬಾಟಲಿಯೇ ಕೆಟ್ಟದ್ದೆಂದು ಎಲ್ಲರೂ ತೀರ್ಮಾನಿಸಿ, ಅತ್ತೆಯವರು ಮನೆಯಲ್ಲಿ ಮಾಡಿದ್ದ ದ್ರಾಕ್ಷಿ ವೈನಿಗೆ ಮರಳಿದರು. ಮರುದಿನ ಉಳಿದಿದ್ದ ಅರ್ಧ ಬಾಟಲಿಯಿಂದ ಸ್ವಲ್ಪವನ್ನು ಊಟವಿಲ್ಲದೆ ಕುಡಿದು ನೋಡಿದಾಗ ನನಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ತಪ್ಪಿದ್ದುದು ಬಾಟಲಿಯಲ್ಲಲ್ಲ, ನಾವು ಅದನ್ನು ಬಡಿಸಿದ ರೀತಿಯಲ್ಲಿ ಎಂಬ ಅನುಮಾನ ಅಂದೇ ಹುಟ್ಟಿತು.

ವೈನಿಗೆ ಊಟ ಹೊಂದಿಸುವ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಮಾಂಸದ ಬಣ್ಣವನ್ನು ನೋಡುತ್ತವೆ: ಕೆಂಪು ಮಾಂಸಕ್ಕೆ ಕೆಂಪು, ಮೀನಿಗೂ ಕೋಳಿಗೂ ಬಿಳಿ. ನಮ್ಮ ಮನೆಯ ಅಡುಗೆಯಲ್ಲಿ ಮಾಂಸಕ್ಕಿಂತ ಮೊದಲು ಮಾತನಾಡುವುದು ಕಾಚಂಪುಳಿ ಎಂಬ ಕಪ್ಪು ಹುಳಿರಸ, ಕರಿಮೆಣಸು ಮತ್ತು ಹಸಿಮೆಣಸು. ಆದ್ದರಿಂದ 2024ರ ಮಳೆಗಾಲದಲ್ಲಿ, ತೋಟದ ಕೆಲಸ ಕಡಿಮೆಯಿರುವ ಎರಡು ತಿಂಗಳು, ಕೊಡಗಿನ ಮೂರ್ನಾಡು ಸಮೀಪದ ನಮ್ಮ ಮನೆಯಲ್ಲಿ ನಿತ್ಯದ ಊಟಗಳನ್ನೇ ಇಟ್ಟುಕೊಂಡು ಈ ಕೆಲಸವನ್ನು ಕ್ರಮವಾಗಿ ಮಾಡಲು ತೊಡಗಿದೆ. ರುಚಿ ನೋಡಿದವರು ಮೂವರು: ನಾನು, ನನ್ನ ಯಜಮಾನರು ಮತ್ತು 71 ವರ್ಷದ ಅತ್ತೆಯವರು. ಪ್ರತಿಯೊಬ್ಬರಿಗೆ ಒಂದು ಸಂಜೆಗೆ ಎಲ್ಲ ವೈನ್ ಸೇರಿ 120 ಮಿಲಿಲೀಟರಿಗಿಂತ ಹೆಚ್ಚಿರಬಾರದು ಎಂದು ಮೊದಲೇ ನಿರ್ಧರಿಸಿದ್ದೆವು. ಅತ್ತೆಯವರು ಅದರಲ್ಲಿ ಅರ್ಧವನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಕರಿಯ ಹುಳಿಯ ವಿಷಯದಲ್ಲಿ ಕೊನೆಯ ಮಾತು ಅವರದೇ ಆಗಿತ್ತು.

ಸಲಕರಣೆ ಮತ್ತು ಖರ್ಚು

ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರಿಗೆ 380, ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುವ ಉಪಕರಣ) ಮತ್ತು ಅದರ ಗಾಜಿನ ಜಾಡಿಗೆ 720, ಕಾಲಿರುವ ಆರು ಗ್ಲಾಸುಗಳಿಗೆ 960, 30 ಮತ್ತು 60 ಮಿಲಿಲೀಟರಿನ ಪೆಗ್ ಅಳತೆಗೆ 90 ರೂಪಾಯಿ ತಗಲಿತು. ಒಟ್ಟು 2,150. ವೈನಿಗೆ ಎರಡು ಕಂತಿನಲ್ಲಿ ಖರ್ಚು ಮಾಡಿದೆ. ಮೊದಲ ಕಂತಿನಲ್ಲಿ ಕೆಂಪು ವೈನಾದ ಶಿರಾಜ್ (890), ಬಿಳಿ ವೈನುಗಳಾದ ಸೋವಿನ್ಯೋ ಬ್ಲಾಂಕ್ (980) ಮತ್ತು ಶೆನಿನ್ ಬ್ಲಾಂಕ್ (820) ಸೇರಿ 2,690 ರೂಪಾಯಿ. ಎರಡನೆಯ ಕಂತಿನಲ್ಲಿ ಈ ಮೂರನ್ನೂ ಮತ್ತೊಮ್ಮೆ ಕೊಂಡು, ಜೊತೆಗೆ 850 ರೂಪಾಯಿಯ ರೋಸೆ ಎಂಬ ನಸುಗೆಂಪು ವೈನ್ ಮತ್ತು ಹುತ್ತರಿಯಲ್ಲಿ ಕೈಕೊಟ್ಟ ಅದೇ ಹೆಸರಿನ 1,450 ರೂಪಾಯಿಯ ಕ್ಯಾಬರ್ನೆ ಕೊಂಡೆ. ಆ ಕಂತು 4,990. ಎಲ್ಲ ಸೇರಿ 9,830 ರೂಪಾಯಿ. ಮೊದಲ ಹಂತದಲ್ಲಿ ಎಚ್ಚರದಿಂದ ಇದ್ದಿದ್ದರೆ ಇದರಲ್ಲಿ 2,690 ರೂಪಾಯಿ ಉಳಿಯುತ್ತಿತ್ತು.

ಅತ್ತೆಯವರ ವೈನ್ ಇದಕ್ಕೆ ಹೊರತು. ಫೆಬ್ರವರಿಯಲ್ಲಿ ಕುಶಾಲನಗರದ ಸಂತೆಯಿಂದ ತಂದ 5 ಕಿಲೋ ಬೆಂಗಳೂರು ಬ್ಲೂ ದ್ರಾಕ್ಷಿ, 2 ಕಿಲೋ ಸಕ್ಕರೆ, ಕುದಿಸಿ ಆರಿಸಿದ 5 ಲೀಟರ್ ನೀರು, ಒಂದು ಹಿಡಿ ಗೋಧಿ, ಆರು ಲವಂಗ ಮತ್ತು ಒಂದು ಚಮಚ ಯೀಸ್ಟನ್ನು ಭರಣಿಯಲ್ಲಿ 21 ದಿನ ಇಟ್ಟು, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಿ, ಆಮೇಲೆ ಸೋಸಿ ಎರಡು ತಿಂಗಳು ತಿಳಿಯಾಗಲು ಬಿಟ್ಟದ್ದು. ಇದನ್ನು ನಾನು ಮೊದಲು ಪರೀಕ್ಷೆಯ ಪಟ್ಟಿಯಲ್ಲೇ ಸೇರಿಸಿರಲಿಲ್ಲ.

ಹಂತ 1. ಜೂನ್ 9, ಭಾನುವಾರ

ಶಿರಾಜ್, ಸೋವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್ ಮೂರನ್ನೂ ಒಂದೇ ಸಲ ತೆರೆದು, ಪಂದಿಕರಿ, ಕಡಂಬುಟ್ಟು, ಹಸಿಮೆಣಸಿನ ಪಜ್ಜಿಯ (ಚಟ್ನಿಯ) ಜೊತೆಗೆ ರುಚಿ ನೋಡಿದೆವು. ಅಂದಿನ ಟಿಪ್ಪಣಿಯ ಎರಡು ಪುಟಗಳನ್ನು ನಾನು ಈಗ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದೇನೆ, ಏಕೆಂದರೆ ಅದರಲ್ಲಿ ನಂಬಬಹುದಾದ ಒಂದು ಸಾಲೂ ಇಲ್ಲ.

ಆದ ತಪ್ಪುಗಳು ನಾಲ್ಕು. ಶಿರಾಜ್ ಬಾಟಲಿಯನ್ನು ನಾನು ಮಾಂಸ ಒಣಗಿಸುವ ಒಲೆಯ ಮೇಲಿನ ಅಟ್ಟದ ಪಕ್ಕದಲ್ಲಿ ಇಟ್ಟಿದ್ದೆ. ಬಡಿಸುವಾಗ ಅಳೆದರೆ 27 ಡಿಗ್ರಿ ಸೆಲ್ಸಿಯಸ್ ಇತ್ತು. ಬಿಳಿ ವೈನ್‌ಗಳನ್ನು ಫ್ರಿಜ್ಜಿನಿಂದ ನೇರವಾಗಿ ತಂದದ್ದರಿಂದ ಅವು 5 ಡಿಗ್ರಿಯಲ್ಲಿದ್ದವು, ಮತ್ತು ಆ ತಣ್ಣಗಿನಲ್ಲಿ ಎರಡರ ನಡುವಿನ ವ್ಯತ್ಯಾಸವೇ ನಮಗೆ ತಿಳಿಯಲಿಲ್ಲ. ಗ್ಲಾಸುಗಳನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಈರುಳ್ಳಿ ಹೆಚ್ಚಿದ ಕೈ ಒರೆಸಿದ ಬಟ್ಟೆಯಲ್ಲೇ ಒರೆಸಿದ್ದೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಪಜ್ಜಿಯನ್ನು ತಟ್ಟೆಯಲ್ಲಿ ಇಟ್ಟದ್ದು: ಹಸಿಮೆಣಸಿನ ಉರಿ ಒಮ್ಮೆ ನಾಲಿಗೆಗೆ ಹತ್ತಿದ ಮೇಲೆ ಅರ್ಧ ಗಂಟೆಯವರೆಗೆ ಯಾವ ವೈನ್ ಕುಡಿದರೂ ತಿಳಿಯುತ್ತಿದ್ದುದು ಮದ್ಯದ ಘಾಟು ಮಾತ್ರ.

ಅಂದೇ ರಾತ್ರಿ ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಬರೆಯಬೇಕು. ಉಳಿದ ವೈನನ್ನು ಅರ್ಧ ಖಾಲಿಯಾದ ಬಾಟಲಿಯಲ್ಲೇ ಬಿಟ್ಟರೆ ಅದರ ಮೇಲಿನ ಗಾಳಿಯೇ ಅದನ್ನು ಕೆಡಿಸುತ್ತದೆ. ಹಾಗಾಗಿ 180 ಮಿಲಿಲೀಟರಿನ ಕ್ವಾರ್ಟರ್ ಬಾಟಲಿಗಳನ್ನು ಕುದಿಸಿ ಆರಿಸಿ, ಅವುಗಳಿಗೆ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟೆ. ಕಂಠದವರೆಗೆ ತುಂಬಿದರೆ ಒಂದೊಂದರಲ್ಲಿ 190 ಮಿಲಿಲೀಟರ್ ಹಿಡಿಯುತ್ತದೆ. 750ರ ಒಂದು ಬಾಟಲಿಯಿಂದ ಮೂರು ಕ್ವಾರ್ಟರ್ ತುಂಬಿದರೆ ಆ ಸಂಜೆಗೆ ಮೂವರಿಗೆ ತಲಾ 60 ಮಿಲಿಲೀಟರ್ ಉಳಿಯುತ್ತದೆ. ಹೀಗೆ ಇಟ್ಟ ವೈನ್ ಏಳು ದಿನಗಳವರೆಗೆ ಮೊದಲ ದಿನದ ರುಚಿಗೆ ಹತ್ತಿರವಾಗಿಯೇ ಇತ್ತು. ಬಾಟಲಿ ತೆರೆದ ಕೂಡಲೇ, ಅಂದರೆ ಊಟಕ್ಕೆ ಬಡಿಸುವ ಮುಂಚೆಯೇ, ಕ್ವಾರ್ಟರ್‌ಗಳನ್ನು ತುಂಬಿಸಿಡಬೇಕು. ಊಟವಾದ ಮೇಲೆ ತುಂಬಿಸುವಾಗ ಕಂಠದವರೆಗೆ ಬರುವಷ್ಟು ವೈನ್ ಉಳಿದಿರುವುದಿಲ್ಲ.

ಹಂತ 2. ಜೂನ್ 12ರಿಂದ 16

ಕ್ವಾರ್ಟರ್‌ಗಳಲ್ಲಿ ಉಳಿದಿದ್ದ ಅದೇ ವೈನನ್ನು ಊಟವಿಲ್ಲದೆ, ಬೇರೆ ಬೇರೆ ಶಾಖದಲ್ಲಿ ರುಚಿ ನೋಡಿದೆ. ಜೂನ್ ಮಳೆಯಲ್ಲಿ ನಮ್ಮ ಊಟದ ಕೋಣೆಯ ಶಾಖ 21 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶಿರಾಜ್ 27ರಲ್ಲಿ ಸ್ಪಿರಿಟ್ಟಿನಂತೆ ಮೂಗಿಗೆ ಹೊಡೆಯುತ್ತಿತ್ತು, 21ರಲ್ಲಿ ಸಹ್ಯವಾಗಿತ್ತು, 16ರಲ್ಲಿ ಹಣ್ಣಿನ ಪರಿಮಳ ಮುಂದೆ ಬಂತು, 8ಕ್ಕೆ ಇಳಿಸಿದಾಗ ಒಗರು ಮಾತ್ರ ಉಳಿಯಿತು. ಸೋವಿನ್ಯೋ ಬ್ಲಾಂಕ್ 9ರಿಂದ 10ರಲ್ಲಿ, ಶೆನಿನ್ 10ರಿಂದ 11ರಲ್ಲಿ ಚೆನ್ನಾಗಿದ್ದವು.

ತುಂಬಿದ ಬಾಟಲಿಗಳ ಬದಲಿಗೆ ನೀರು ತುಂಬಿದ ಖಾಲಿ ಬಾಟಲಿಗಳನ್ನು ಬಳಸಿ ಸಮಯವನ್ನು ಅಳೆದೆ. ಕೋಣೆಯ 21 ಡಿಗ್ರಿಯಿಂದ 16ಕ್ಕೆ ಇಳಿಯಲು ಫ್ರಿಜ್ಜಿನಲ್ಲಿ 50 ನಿಮಿಷ ಬೇಕಾಯಿತು. ಫ್ರಿಜ್ಜಿನ 5 ಡಿಗ್ರಿಯಿಂದ ಮೇಜಿನ ಮೇಲೆ 10ಕ್ಕೆ ಏರಲು 40 ನಿಮಿಷ. ಮಂಜುಗಡ್ಡೆ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಹಾಕಿದ ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿದರೆ 21ರಿಂದ 10ಕ್ಕೆ 20 ನಿಮಿಷದೊಳಗೆ ಇಳಿಯಿತು. ನೀರಿಲ್ಲದೆ ಬರಿಯ ಮಂಜುಗಡ್ಡೆಯಲ್ಲಿ ನಿಲ್ಲಿಸಿದಾಗ ಅಷ್ಟೇ ಕೆಲಸಕ್ಕೆ 35 ನಿಮಿಷ ಹಿಡಿಯಿತು; ನೀರು ಬಾಟಲಿಯ ಮೈಗೆಲ್ಲ ತಾಗುವ ಹಾಗೆ ಗಡ್ಡೆಗಳು ತಾಗುವುದಿಲ್ಲ.

ಗ್ಲಾಸುಗಳನ್ನು ಈಗ ಬಿಸಿನೀರಿನಲ್ಲಿ ಮಾತ್ರ ತೊಳೆದು, ಬೇರೆಯಾಗಿ ಇಟ್ಟ ಹತ್ತಿಯ ಬಟ್ಟೆಯ ಮೇಲೆ ಬೋರಲು ಹಾಕುತ್ತೇನೆ. ಈ ಒಂದು ಬದಲಾವಣೆಗೆ ಖರ್ಚೇನೂ ಇಲ್ಲ, ಆದರೆ ಶೆನಿನ್‌ನ ಪರಿಮಳ ನನಗೆ ಮೊದಲ ಬಾರಿಗೆ ಸರಿಯಾಗಿ ಸಿಕ್ಕಿದ್ದು ಇದಾದ ಮೇಲೆಯೇ.

ಹಂತ 3. ಜೂನ್ 19ರಿಂದ

ಖಾರಕ್ಕೂ ಹುಳಿಗೂ ವೈನಿನ ಸಿಹಿ ಎಷ್ಟಿರಬೇಕೆಂದು ತಿಳಿಯಲು ನಾಲಿಗೆಯೊಂದನ್ನೇ ನಂಬುವುದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಹುಳಿ ಹೆಚ್ಚಿರುವ ವೈನಿನಲ್ಲಿ ಸಿಹಿ ಅಡಗಿಕೊಳ್ಳುತ್ತದೆ. ಹಾಗಾಗಿ ಎರಡನೆಯ ಕಂತಿನ ಪ್ರತಿ ಬಾಟಲಿಯನ್ನೂ ತೆರೆದ ದಿನವೇ ಹೈಡ್ರೋಮೀಟರಿನಿಂದ ಅಳೆದೆ. ಈ ಉಪಕರಣವನ್ನು 20 ಡಿಗ್ರಿ ಶಾಖಕ್ಕೆ ಹೊಂದಿಸಿರುತ್ತಾರೆ. ನಮ್ಮ ಮಳೆಗಾಲದ ಅಡುಗೆಮನೆ ಆ ಲೆಕ್ಕಕ್ಕೆ ತಾನಾಗಿಯೇ ಹೊಂದಿತು. ನೀರಿಗೆ 1.000 ತೋರಿಸುತ್ತದೆ. ಸಿಹಿ ಉಳಿಯದ ವೈನ್, ಮದ್ಯ ನೀರಿಗಿಂತ ಹಗುರವಾದ್ದರಿಂದ, ಅದಕ್ಕಿಂತ ಕಡಿಮೆ ತೋರಿಸುತ್ತದೆ; ಸಿಹಿ ಹೆಚ್ಚಿದಷ್ಟೂ ಅಂಕಿ ಏರುತ್ತದೆ.

ಸೋವಿನ್ಯೋ ಬ್ಲಾಂಕ್ 0.991, ಶಿರಾಜ್ 0.993, ರೋಸೆ 0.996, ಶೆನಿನ್ 0.999 ತೋರಿಸಿದವು. ಅತ್ತೆಯವರ ವೈನನ್ನು ಕುತೂಹಲಕ್ಕೆ ಅಳೆದಾಗ ಮೊದಲು 1.028 ಬಂತು. ಅದು ತಪ್ಪು ಅಳತೆ: ಆ ವೈನಿನಲ್ಲಿ ಸಣ್ಣಗೆ ಗ್ಯಾಸ್ ಉಳಿದಿದ್ದು, ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲಕ್ಕೆತ್ತಿದ್ದವು. ಎರಡು ಪಾತ್ರೆಗಳ ನಡುವೆ ಹತ್ತು ಸಲ ಸುರಿದು ಗ್ಯಾಸ್ ತೆಗೆದು, ಉಪಕರಣವನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ಬಿಟ್ಟಾಗ 1.022ಕ್ಕೆ ನಿಂತಿತು. ಅಂಗಡಿಯ ಎಲ್ಲ ಬಾಟಲಿಗಳಿಗಿಂತಲೂ ಅದು ಬಹಳ ಸಿಹಿ. ಆದರೆ ಕುಡಿಯುವಾಗ ಅಷ್ಟು ಸಿಹಿಯೆಂದು ಅನಿಸದಿರುವುದಕ್ಕೆ ಬೆಂಗಳೂರು ಬ್ಲೂ ದ್ರಾಕ್ಷಿಯ ಹುಳಿ ಕಾರಣ. ಈ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡಾಗಲೇ ಇದನ್ನು ಪಟ್ಟಿಯಿಂದ ಹೊರಗಿಟ್ಟದ್ದು ಸರಿಯಲ್ಲವೆಂದು ನನಗೆ ತೋರಿತು.

ಹಂತ 4. ಜೂನ್ 23 ಮತ್ತು 30, ಭಾನುವಾರಗಳು

ಇಡೀ ಕೆಲಸದ ಮುಖ್ಯ ಭಾಗ ಇದು. ಪಂದಿಕರಿಗೆ ಕಾಚಂಪುಳಿಯನ್ನು ಅತ್ತೆಯವರು ಕೈಯಂದಾಜಿನಲ್ಲಿ ಹಾಕುತ್ತಾರೆ, ನಾನೂ ಹಾಗೆಯೇ ಕಲಿತವಳು. ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿ ಇಳಿಸಿದ ಈ ಹುಳಿ ಒಂದೊಂದು ಮನೆಯಲ್ಲಿ ಒಂದೊಂದು ಗಟ್ಟಿಯಾಗಿರುತ್ತದೆ, ನಮ್ಮ ಮನೆಯಲ್ಲೇ ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ವ್ಯತ್ಯಾಸವಿದೆ. ಅಳೆಯದೆ ಹಾಕಿದರೆ ಒಂದು ಭಾನುವಾರದ ಫಲಿತಾಂಶ ಮುಂದಿನ ಭಾನುವಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಅತ್ತೆಯವರು ಎಂದಿನಂತೆ ಹಾಕುವಷ್ಟನ್ನು ಚಮಚದಿಂದ ಒಂದು ಬಟ್ಟಲಿಗೆ ಹಾಕಿಸಿ ಅಳೆದಾಗ 1.2 ಕಿಲೋ ಮಾಂಸಕ್ಕೆ 30 ಮಿಲಿಲೀಟರ್ ಆಯಿತು. ಜೂನ್ 23ರಂದು ಅಷ್ಟೇ ಮಾಂಸವನ್ನು ಕಾಚಂಪುಳಿ ಹಾಕುವ ಹಂತದವರೆಗೆ ಒಟ್ಟಿಗೆ ಬೇಯಿಸಿ, ತೂಕ ಮಾಡಿ ಮೂರು ಸಮಪಾಲಾಗಿ ಮೂರು ಪಾತ್ರೆಗಳಿಗೆ ಹಂಚಿದೆ. ಒಂದಕ್ಕೆ 4, ಇನ್ನೊಂದಕ್ಕೆ 7, ಮತ್ತೊಂದಕ್ಕೆ 10 ಮಿಲಿಲೀಟರ್ ಕಾಚಂಪುಳಿಯನ್ನು ಔಷಧಿ ಬಾಟಲಿಯ ಅಳತೆ ಮುಚ್ಚಳದಿಂದ ಹಾಕಿ, ಮೂರನ್ನೂ ಹತ್ತು ನಿಮಿಷ ಕುದಿಸಿದೆ. ಪಜ್ಜಿಯನ್ನು ಮೇಜಿಗೆ ತರಲಿಲ್ಲ. ಪ್ರತಿ ವೈನನ್ನು ಮೊದಲು ಬರಿದೇ ಒಂದು ಗುಟುಕು, ಆಮೇಲೆ ಒಂದು ತುತ್ತು ಕರಿ, ಮತ್ತೆ ಒಂದು ಗುಟುಕು, ನಡುವೆ ನಾಲಿಗೆಯನ್ನು ಸರಿಪಡಿಸಲು ಸಪ್ಪೆ ಕಡಂಬುಟ್ಟಿನ ಒಂದು ತುಂಡು ಎಂಬ ಕ್ರಮವನ್ನು ಇಟ್ಟುಕೊಂಡೆವು.

16 ಡಿಗ್ರಿಯ ಶಿರಾಜ್, 4 ಮಿಲಿಲೀಟರಿನ ಪಾತ್ರೆಯ ಜೊತೆಗೆ ಚೆನ್ನಾಗಿಯೇ ಹೋಯಿತು. 7ರ ಜೊತೆಗೆ ಅದರ ಹಣ್ಣಿನ ರುಚಿ ಅರ್ಧ ಮಾಯವಾಯಿತು. 10ರ ಜೊತೆಗೆ ನೀರು ಬೆರೆಸಿದಂತೆ ಸಪ್ಪೆಯಾಗಿ, ಕೊನೆಗೆ ಕಹಿಯನ್ನು ಬಿಟ್ಟಿತು. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸೋಲುತ್ತದೆ ಎಂಬುದು ಮೂರು ಪಾತ್ರೆಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಇಷ್ಟು ವರ್ಷ ಇದನ್ನು ಗಮನಿಸದೆ ಇದ್ದದ್ದು ನನಗೆ ಆಶ್ಚರ್ಯವೆನಿಸಿತು.

ಆಗ ನಾನು ಎರಡನೆಯ ದೊಡ್ಡ ತಪ್ಪನ್ನು ಮಾಡಿದೆ. ಶಿರಾಜ್‌ಗೆ ಹೊಂದಿತೆಂಬ ಸಂತೋಷದಲ್ಲಿ, ಇನ್ನು ಮುಂದೆ 1.2 ಕಿಲೋಗೆ 12 ಮಿಲಿಲೀಟರ್ ಕಾಚಂಪುಳಿ ಸಾಕು ಎಂದು ಬರೆದುಕೊಂಡೆ. ಅತ್ತೆಯವರು ಆ ಪಾತ್ರೆಯಿಂದ ಇನ್ನೊಂದು ತುತ್ತು ತಿಂದು, “ಇದು ಹಂದಿಮಾಂಸದ ಸಾರು, ಪಂದಿಕರಿ ಅಲ್ಲ. ನಿನ್ನ ಬಾಟಲಿಗೆ ಬೇಕೆಂದು ನಮ್ಮ ಕರಿಯನ್ನು ಕೆಡಿಸಬೇಡ” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಕೊಬ್ಬಿನ ಜಿಡ್ಡನ್ನು ಕಡಿಯುವಷ್ಟು ಹುಳಿ ಅದರಲ್ಲಿ ಇರಲಿಲ್ಲ, ಎರಡನೆಯ ತುತ್ತಿಗೇ ಬಾಯಿ ಜಿಡ್ಡಾಗುತ್ತಿತ್ತು. ಆ ಸಾಲನ್ನು ಹೊಡೆದುಹಾಕಿ, ಊಟವನ್ನು ಮುಟ್ಟದೆ ವೈನನ್ನು ಮಾತ್ರ ಬದಲಿಸುವುದೆಂದು ನಿಯಮ ಮಾಡಿಕೊಂಡೆ. ಮುಂದಿನ ಎಲ್ಲ ಹಂತಗಳಲ್ಲೂ ಈ ನಿಯಮವನ್ನು ಪಾಲಿಸಿದ್ದೇನೆ.

ಜೂನ್ 30ರಂದು ಮನೆಯ ಅಳತೆಯ ಪೂರ್ತಿ 30 ಮಿಲಿಲೀಟರ್ ಹಾಕಿದ ಪಂದಿಕರಿಗೆ ಮೂರು ವೈನ್ ಇಟ್ಟೆ. ಉಳಿದಿದ್ದ ಶಿರಾಜ್ ಹಿಂದಿನ ವಾರದಂತೆಯೇ ಸೋತಿತು. 11 ಡಿಗ್ರಿಯ ರೋಸೆ ನಿಂತಿತು. ಅದರಲ್ಲಿ ಒಗರು ಇಲ್ಲದಿರುವುದರಿಂದ ಖಾರ ಕೆರಳಲಿಲ್ಲ, ಹುಳಿಗೆ ಹುಳಿ ಸರಿಸಮವಾಯಿತು. ಅತ್ತೆಯವರ ವೈನನ್ನು ಅವರು ಯಾವಾಗಲೂ ಕೋಣೆಯ ಶಾಖದಲ್ಲೇ ಕೊಡುವುದು. ಹಾಗೆ ಕುಡಿದಾಗ ಕರಿಯ ಜೊತೆಗೆ ಸ್ವಲ್ಪ ಭಾರವೆನಿಸಿತು. ಅದನ್ನೇ ಬಕೆಟ್ಟಿನಲ್ಲಿ 13 ಡಿಗ್ರಿಗೆ ಇಳಿಸಿ ಕೊಟ್ಟಾಗ ಮೂವರೂ ಅದಕ್ಕೇ ಮೊದಲ ಸ್ಥಾನ ಕೊಟ್ಟೆವು. ಸಿಹಿ ಖಾರವನ್ನು ತಗ್ಗಿಸಿತು, ದ್ರಾಕ್ಷಿಯ ಹುಳಿ ಕಾಚಂಪುಳಿಯ ಪಕ್ಕದಲ್ಲಿ ತಲೆಯೆತ್ತಿ ನಿಂತಿತು, ಲವಂಗ ಹುರಿದ ಮಸಾಲೆಯ ಜೊತೆಗೆ ಸೇರಿಕೊಂಡಿತು. ಅತ್ತೆಯವರು ತಮ್ಮ ವೈನನ್ನು ತಣ್ಣಗೆ ಕುಡಿದದ್ದು ಅದೇ ಮೊದಲು. ಅಂದಿನಿಂದ ಭರಣಿಯ ಪಕ್ಕದಲ್ಲಿದ್ದ ಎರಡು ಬಾಟಲಿಗಳು ಫ್ರಿಜ್ಜಿನ ಬಾಗಿಲಿಗೆ ಬಂದಿವೆ.

ಹಂತ 5. ಜೂನ್ 25ರಿಂದ ಜುಲೈ 14, ನಿತ್ಯದ ಊಟ

ಕೆಲವು ಊಟಗಳಿಗೆ ಹೆಚ್ಚು ಸಮಯ ಬೇಕಾಗಲಿಲ್ಲ. ತೆಂಗಿನಹಾಲಿನ ಕೋಳಿಕರಿ ಮತ್ತು ಅಕ್ಕಿ ಶಾವಿಗೆಯಾದ ನೂಲ್‌ಪುಟ್ಟಿಗೆ ಶೆನಿನ್ ಮೊದಲ ಪ್ರಯತ್ನದಲ್ಲೇ ಹೊಂದಿತು. ಅಕ್ಕಿರೊಟ್ಟಿ ಮತ್ತು ಬದನೆಕಾಯಿ ಎಣ್ಣೆಗಾಯಿಗೆ ರೋಸೆ ಸಾಕು. ಹುರುಳಿಸಾರು ಮತ್ತು ಅನ್ನಕ್ಕೆ ಶಿರಾಜ್ ಪರವಾಗಿಲ್ಲ ಎನ್ನುವಷ್ಟು ಹೊಂದಿತು. ಮೊಸರನ್ನಕ್ಕೆ ಯಾವುದೂ ಹೊಂದಲಿಲ್ಲ, ಹೊಂದಿಸುವ ಅಗತ್ಯವೂ ಇಲ್ಲ.

ಕರಿಮೆಣಸಿನ ವಿಷಯವನ್ನು ಬೇರೆಯಾಗಿ ಬರೆಯಬೇಕು. ಖಾರವೆಂದರೆ ಎಲ್ಲವೂ ಒಂದೇ ಎಂದು ನಾನು ತಿಳಿದಿದ್ದೆ. ಜೂನ್ 26ರಂದು ಕಾಚಂಪುಳಿ ಹಾಕದೆ, ಹಸಿಮೆಣಸನ್ನೂ ಹಾಕದೆ, 400 ಗ್ರಾಂ ಹಂದಿಮಾಂಸಕ್ಕೆ ಎರಡು ಚಮಚ ಹೊಸದಾಗಿ ಕುಟ್ಟಿದ ನಮ್ಮ ತೋಟದ ಕರಿಮೆಣಸು ಹಾಕಿ ಒಣಗಿದಂತೆ ಹುರಿದೆ. ಶಿರಾಜ್ ಈ ಹುರಿದ ಮಾಂಸದ ಜೊತೆಗೆ ಕುಡಿದಾಗ ಬೇರೆಯೇ ವೈನ್ ಆಯಿತು. ಕರಿಮೆಣಸಿನ ಪರಿಮಳಕ್ಕೆ ಕಾರಣವಾದ ರೋಟಂಡೋನ್ ಎಂಬ ವಸ್ತು ಶಿರಾಜ್ ದ್ರಾಕ್ಷಿಯಲ್ಲಿಯೂ ಇದೆಯೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ. ಬಾಯಲ್ಲಿ ಆ ಎರಡು ಒಂದಾದುದು ನಮಗೂ ತಿಳಿಯಿತು. ಕಾಳುಮೆಣಸು ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಇದನ್ನು ಕಂಡುಕೊಂಡದ್ದು ನನಗೆ ಈ ಎರಡು ತಿಂಗಳಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ಫಲಿತಾಂಶ. ಅದೇ ಮಾಂಸಕ್ಕೆ ಎರಡು ಹಸಿಮೆಣಸು ಸೀಳಿ ಹಾಕಿ ಮತ್ತೆ ಬಿಸಿ ಮಾಡಿ ತಿಂದಾಗ ಶಿರಾಜ್‌ನ ಒಗರು ಮತ್ತು ಮದ್ಯ ಎರಡೂ ಉರಿಯನ್ನು ಹೆಚ್ಚಿಸಿದವು. ಕರಿಮೆಣಸು ಕೆಂಪು ವೈನಿಗೆ ನೆಂಟ, ಹಸಿಮೆಣಸು ಅಲ್ಲ.

ಜೂನ್ 28ರಂದು ಹುರಿದ ಬಂಗುಡೆ ಮೀನಿಗೆ ಶಿರಾಜ್ ಇಟ್ಟು ನೋಡಿದೆ. ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣವನ್ನು ನೆಕ್ಕಿದಂತಹ ರುಚಿ ಬಂದು, ಯಜಮಾನರು ಗ್ಲಾಸನ್ನು ಪಕ್ಕಕ್ಕಿಟ್ಟರು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶವೇ ಮೀನಿನ ಜೊತೆಗೆ ಸೇರಿ ಈ ವಾಸನೆಯನ್ನು ಎಬ್ಬಿಸುತ್ತದೆಯೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಈ ಪ್ರಯತ್ನವನ್ನು ಎರಡನೆಯ ಬಾರಿ ಮಾಡಲಿಲ್ಲ.

ನಾನು ಹೆಚ್ಚು ದಿನ ಸಿಲುಕಿಕೊಂಡದ್ದು ಕಣಿಲೆಯಲ್ಲಿ. ಎಳೆ ಬಿದಿರನ್ನು ಹೆಚ್ಚಿ, ಪ್ರತಿದಿನ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕಿ, ಬೇಯಿಸಿದ ನೀರನ್ನೂ ಚೆಲ್ಲಿ, ಆಮೇಲೆ ತೆಂಗಿನಕಾಯಿ ಮಸಾಲೆಯಲ್ಲಿ ಕರಿ ಮಾಡುವುದು ನಮ್ಮ ಪದ್ಧತಿ. ಹಾಗೆ ನೆನೆದ ಕಣಿಲೆಗೆ ತನ್ನದೇ ಆದ ಒಂದು ಹುಳಿ ವಾಸನೆ ಬರುತ್ತದೆ. ಅದನ್ನು ಬಲ್ಲವರಿಗೆ ಅದೇ ಪ್ರಾಣ, ಹೊರಗಿನವರಿಗೆ ಅದೇ ಅಡ್ಡಿ. ಜುಲೈ 4ರಂದು ರೋಸೆ ಇಟ್ಟೆ, ಅದರ ಪರಿಮಳವೆಲ್ಲ ಅಳಿಸಿಹೋಯಿತು. ಜುಲೈ 9ರಂದು ಶೆನಿನ್ ಇಟ್ಟಾಗ ವೈನಿನ ಸಿಹಿ ಪ್ರತ್ಯೇಕವಾಗಿ ನಿಂತು, ಕಣಿಲೆ ಹಳಸಿದಂತೆ ತೋರಿತು. ಒಳ್ಳೆಯ ಅಡುಗೆಯನ್ನು ಕೆಟ್ಟದಾಗಿ ತೋರಿಸಿದ ಜೋಡಿ ಇದೊಂದೇ. ಜುಲೈ 13ರಂದು ಮೂರನೆಯ ಬಾರಿ ಮಾಡಿ, ಪಟ್ಟಿಯಲ್ಲಿ ಅತಿ ಕಡಿಮೆ ಸಿಹಿಯಿದ್ದ ಸೋವಿನ್ಯೋ ಬ್ಲಾಂಕನ್ನು 9 ಡಿಗ್ರಿಯಲ್ಲಿ ಇಟ್ಟೆ. ಆ ವೈನಿನಲ್ಲಿರುವ ಹಸಿ ಹುಲ್ಲಿನಂತಹ, ಚಿಗುರೆಲೆ ಕಿವುಚಿದಂತಹ ವಾಸನೆ ಕಣಿಲೆಯ ವಾಸನೆಯನ್ನು ಮುಚ್ಚಲು ಹೋಗದೆ ಅದರ ಪಕ್ಕದಲ್ಲೇ ನಡೆಯಿತು. ಮರುದಿನ ಅದನ್ನೇ ಕೆಸುವಿನ ಸೊಪ್ಪಿನ ಕರಿಗೂ ಇಟ್ಟು ನೋಡಿದೆ. ಅಲ್ಲಿಯೂ ಹೊಂದಿತು, ಆದರೆ ಸೊಪ್ಪಿಗೆ ಹುಳಿ ಸರಿಯಾಗಿ ಬಿದ್ದಿದ್ದರೆ ಮಾತ್ರ. ತುರಿಕೆ ಉಳಿದ ಕೆಸುವಿನ ಮೇಲೆ ವೈನ್ ಕುಡಿಯುವುದು ಗಂಟಲಿಗೆ ಹಿಂಸೆ.

ಹಂತ 6. ಜುಲೈ 16ರಿಂದ 20

ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಫ್ರಿಜ್ಜಿನಲ್ಲಿ ಎರಡು ಕ್ವಾರ್ಟರ್ ಶೆನಿನ್, ಒಂದು ಕ್ವಾರ್ಟರ್ ಸೋವಿನ್ಯೋ ಬ್ಲಾಂಕ್ ಇತ್ತು. ಬಾವಿಯ ನೀರನ್ನು ಬಕೆಟ್ಟಿಗೆ ಸೇದಿ ಅದರಲ್ಲಿ ಮುಳುಗಿಸಿಟ್ಟೆ. ನೀರಿನ ಶಾಖ 20 ಡಿಗ್ರಿ ಇತ್ತು. ಕೆಂಪು ವೈನಿಗಾದರೆ ಅದು ಪ್ರಯೋಜನವಾಗುತ್ತಿತ್ತೇನೋ, ಬಿಳಿಯದಕ್ಕೆ ಆಗಲಿಲ್ಲ. ಕರೆಂಟ್ ಬಂದ ದಿನ ತೆರೆದು ನೋಡಿದಾಗ ಒಂದು ಶೆನಿನ್ ಸೇಬಿನ ಹೋಳು ಕಪ್ಪಾದಾಗ ಬರುವ ವಾಸನೆಗೆ ತಿರುಗಿತ್ತು. ಆ ಬಾಟಲಿಯನ್ನು ಕಂಠಕ್ಕಿಂತ ಎರಡು ಬೆರಳು ಕೆಳಗೆ ತುಂಬಿದ್ದೆನೆಂಬುದು ಗುರುತಿನಿಂದ ತಿಳಿಯಿತು. ಕಂಠದವರೆಗೆ ತುಂಬಿದ್ದ ಇನ್ನೆರಡು, ಅಷ್ಟೇ ಶಾಖದಲ್ಲಿ ಅಷ್ಟೇ ದಿನ ಇದ್ದರೂ, ಕುಡಿಯುವಂತೆಯೇ ಇದ್ದವು. ಶಾಖಕ್ಕಿಂತ ಗಾಳಿ ಹೆಚ್ಚು ಹಾನಿ ಮಾಡಿತ್ತು. ಕೆಟ್ಟದ್ದನ್ನು ಚೆಲ್ಲದೆ ಸಣ್ಣ ಭರಣಿಯಲ್ಲಿ ಬಟ್ಟೆ ಕಟ್ಟಿ ವಿನೆಗರ್ ಆಗಲು ಇಟ್ಟಿದ್ದೇನೆ.

ಹಂತ 7. ಆಗಸ್ಟ್ 3, ಕಕ್ಕಡ 18 (ಕೊಡವರ ಕಕ್ಕಡ ಮಾಸದ 18ನೇ ದಿನ)

ಮದ್ದುಸೊಪ್ಪಿನ ರಸದಲ್ಲಿ ಅಕ್ಕಿ ಬೇಯಿಸಿ, ನೇರಳೆ ಬಣ್ಣಕ್ಕೆ ತಿರುಗಿದ ಮದ್ದುಪುಟ್ಟನ್ನು ತುಪ್ಪ ಮತ್ತು ಜೇನಿನ ಜೊತೆಗೆ ತಿನ್ನುವ ದಿನ. ಕ್ಯಾಬರ್ನೆಯನ್ನು ಅಂದು ತೆರೆದು ಅಳೆದೆ, 0.993 ಬಂತು. ಜೇನು ಹಾಕಿದ ಪುಟ್ಟನ್ನು ತಿಂದು ಅದನ್ನು ಕುಡಿದಾಗ ವೈನ್ ಹುಣಸೆಹಣ್ಣಿನಂತೆ ಹುಳಿಯಾಯಿತು. ಸಿಹಿತಿಂಡಿಗೆ ಇಡುವ ವೈನ್ ತಿಂಡಿಗಿಂತ ಸಿಹಿಯಾಗಿರಬೇಕು. 1.022ರ ಅತ್ತೆಯವರ ವೈನ್ ಕೂಡ ಜೇನು ಹೆಚ್ಚಾದಾಗ ಸೋತಿತು, ಜೇನನ್ನು ಬಿಟ್ಟು ಬರಿಯ ತುಪ್ಪದಲ್ಲಿ ತಿಂದಾಗ ಗೆದ್ದಿತು. ಮದ್ದಿನ ವಾಸನೆಗೂ ಲವಂಗಕ್ಕೂ ಒಳ್ಳೆಯ ಸ್ನೇಹವಿದೆ. ಕ್ಯಾಬರ್ನೆಯ ಉಳಿದದ್ದನ್ನು, ಈ ಸಲ ಕಂಠದವರೆಗೆ, ಮೂರು ಕ್ವಾರ್ಟರ್‌ಗಳಿಗೆ ತುಂಬಿಸಿಟ್ಟೆ.

ಹಂತ 8. ಆಗಸ್ಟ್ 4, ಭಾನುವಾರ

ಹುತ್ತರಿಯ ತಪ್ಪನ್ನು ತಿರುಗಿ ಮಾಡಿ ನೋಡುವ ದಿನವೆಂದು ಇದನ್ನು ಮೊದಲೇ ಗೊತ್ತು ಮಾಡಿದ್ದೆ. ಮೈದುನನನ್ನೂ ಕರೆಸಿದ್ದೆವು. ಒಂದು ಪಾತ್ರೆಯಲ್ಲಿ ಮನೆಯ ಅಳತೆಯ ಪಂದಿಕರಿ, ಇನ್ನೊಂದರಲ್ಲಿ ಕಾಚಂಪುಳಿಯಿಲ್ಲದೆ ಕರಿಮೆಣಸಿನಲ್ಲಿ ಹುರಿದ ಮಾಂಸ. ಒಂದು ಕ್ವಾರ್ಟರ್ ಕ್ಯಾಬರ್ನೆಯನ್ನು ಒಲೆಯ ಪಕ್ಕದಲ್ಲಿಟ್ಟು 26 ಡಿಗ್ರಿಗೆ ಏರಿಸಿದೆ, ಇನ್ನೆರಡನ್ನು 17ರಲ್ಲಿ ಇಟ್ಟೆ.

ಬೆಚ್ಚಗಿನ ಕ್ಯಾಬರ್ನೆ ಮತ್ತು ಪಂದಿಕರಿ ಸೇರಿದಾಗ ಹುತ್ತರಿಯ ಅದೇ ಒಣಗು, ಅದೇ ಉರಿ, ಅದೇ ಕಹಿ ಮರಳಿ ಬಂತು. 17 ಡಿಗ್ರಿಯ ಕ್ಯಾಬರ್ನೆ ಮತ್ತು ಪಂದಿಕರಿಯಲ್ಲಿ ಉರಿ ಕಡಿಮೆಯಾಯಿತೇ ಹೊರತು ಕಹಿ ಹೋಗಲಿಲ್ಲ. ಅಂದರೆ ಶಾಖವನ್ನು ಸರಿಪಡಿಸಿದ್ದರೂ ಅಂದು ಪೂರ್ತಿ ಸರಿಹೋಗುತ್ತಿರಲಿಲ್ಲ. 17 ಡಿಗ್ರಿಯದನ್ನು ಹುರಿದ ಮಾಂಸದ ಜೊತೆಗೆ ಕೊಟ್ಟಾಗ ಕೊಬ್ಬು ಮತ್ತು ಉಪ್ಪು ಸೇರಿ ಒಗರನ್ನು ಮೆತ್ತಗಾಗಿಸಿದವು. ಮೈದುನ ಎರಡನೆಯ ಸಲ ಗ್ಲಾಸನ್ನು ಮುಂದಕ್ಕೆ ಚಾಚಿ, “ಅತ್ತಿಗೆ, ಇದು ನಾನು ತಂದಿದ್ದ ಬಾಟಲಿಯೇ ಅಲ್ಲವೇ?” ಎಂದು ಕೇಳಿದ. ಲೇಬಲ್ ತೋರಿಸಿದೆ.

ಇನ್ನೂ ಕೈಗೂಡದೆ ಉಳಿದಿರುವುದು ಕುಮ್ಮು (ಅಣಬೆ) ಕರಿ. ಈ ವರ್ಷ ನಮ್ಮ ತೋಟದಲ್ಲಿ ಅಣಬೆ ಎದ್ದದ್ದು ಎರಡೇ ದಿನ, ಎರಡೂ ದಿನ ಕರೆಂಟ್ ಇಲ್ಲದ ವಾರದಲ್ಲೇ ಬಿದ್ದವು. ಅಂಗಡಿಯ ಬಟನ್ ಅಣಬೆಯಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಕಾಡುಮಾವಿನ ಕರಿಗೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಅದರ ಹುಳಿ, ಬೆಲ್ಲ, ಖಾರ ಮೂರೂ ಒಟ್ಟಿಗೆ ಬರುವುದರಿಂದ ಶೆನಿನ್‌ನಿಂದ ಆರಂಭಿಸಬೇಕೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧಪೂಜೆಯ ಹಬ್ಬಕ್ಕೆ) ಮನೆಯಲ್ಲಿ ಹದಿನಾಲ್ಕು ಜನ ಸೇರುತ್ತಾರೆ. ಊಟ ಒಂದು ಗಂಟೆಗೆ. ಅತ್ತೆಯವರ ವೈನಿನ ನಾಲ್ಕು ಬಾಟಲಿ ಮತ್ತು ಎರಡು ರೋಸೆಯನ್ನು ಹನ್ನೆರಡೂವರೆಗೆ ಮಂಜುಗಡ್ಡೆ ಮತ್ತು ನೀರಿನ ದೊಡ್ಡ ಹಂಡೆಗೆ ಇಳಿಸುವುದು, ಅತ್ತೆಯವರದನ್ನು ಹದಿನೈದು ನಿಮಿಷಕ್ಕೆ ಹೊರತೆಗೆಯುವುದು, ಪಜ್ಜಿಯನ್ನು ಕೇಳಿದವರಿಗೆ ಮಾತ್ರ ಬಡಿಸುವುದು, ಕರಿಮೆಣಸಿನ ಹುರಿದ ಮಾಂಸದ ಪಕ್ಕದಲ್ಲಿ ಒಂದು ಶಿರಾಜ್ ಇಡುವುದು ಎಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕಾಚಂಪುಳಿಯ ಅಳತೆಯನ್ನು ಆ ಚೀಟಿಯಲ್ಲಿ ಬರೆದಿಲ್ಲ. ಅದನ್ನು ಅತ್ತೆಯವರು ಹಾಕುತ್ತಾರೆ.